ಮಾವನನ್ನು ತಿಂದ ಕಾಗೆಗಳು

ಕರಡಿ ಮಾಂಸ ಬೇಯಿಸುವುದು ನನಗೆ ಗೊತ್ತು. ಗೊತ್ತಿಲ್ಲದವರು ಬಂದು ನನಗೇ ಹೇಳಿಕೊಡುವುದೂ ಗೊತ್ತು. ಕರಡಿ ಎಂದು ಈಗ ಒಮ್ಮೆ ಬಾಯಿಬಿಟ್ಟೆ, ಅಷ್ಟೇ, ಇನ್ನು ಹೇಳುವುದಿಲ್ಲ. ಸೈಬೀರಿಯಾದ ಕಾಡಿನ ಕಾಜಿಮ್ ಹೊಳೆಯ ಖಾಂತಿ ಜನ ನಾವು. ಆ ಹೆಸರೆತ್ತಿದರೆ ಅವನಿಗೆ ಎಲ್ಲಿದ್ದರೂ ಕೇಳಿಸುತ್ತದೆ. ಗಂಡಸರು ಅವನನ್ನು ಮುದುಕಪ್ಪ ಎನ್ನುತ್ತಾರೆ. ಹೆಂಗಸರು ಗಂಡನ ಮನೆಯ ಹಿರಿಯರ ಎದುರು ಹೇಗೋ ಅವನೆದುರೂ ಹಾಗೇ ಶಾಲನ್ನು ಮುಖದ ಮೇಲೆ ಎಳೆದುಕೊಳ್ಳಬೇಕು. ಅದಕ್ಕೇ ನಾನು ಮಾವ ಎನ್ನುತ್ತೇನೆ. ನನ್ನ ನಿಜವಾದ ಮಾವನೂ ಹೆಚ್ಚುಕಮ್ಮಿ ಹಾಗೇ ಇದ್ದ, ಕೂದಲು ಸ್ವಲ್ಪ ಕಡಿಮೆ.

ನನ್ನ ಹೆಸರು ಉಸ್ತಿನ್ಯಾ, ವಯಸ್ಸು ಅರವತ್ತೊಂದು. ಗಂಡ ಸವೇಲಿ ತೀರಿಹೋಗಿ ಮೂರು ವರ್ಷವಾಯಿತು. ಹೊಳೆಯ ಮೇಲ್ಭಾಗದಲ್ಲಿ ಅವನು ಕಟ್ಟಿದ ಮರದ ಮನೆಯಲ್ಲಿ ನಾನೊಬ್ಬಳೇ ಇದ್ದೇನೆ. ಮೀನು ಹಿಡಿಯುತ್ತೇನೆ, ಅಳಿಲಿಗೆ ಕೋವಿ ಹಿಡಿಯುತ್ತೇನೆ, ಬೇಕೆನಿಸಿದಾಗ ಬೈಯುತ್ತೇನೆ. ಬೈಸಿಕೊಳ್ಳುವವರು ಯಾರೂ ಇಲ್ಲದಿದ್ದರೆ ಒಲೆಗೆ ಬೈಯುತ್ತೇನೆ. ನನಗೆ ಆ ಮನೆ ಬಿಟ್ಟು ಬೇರೇನೂ ಬೇಡ. ಆದರೆ ಅದು ನನ್ನ ಮೈದುನ ಟೆರೆಂಟಿಗೆ ಬೇಕಾಗಿತ್ತು. ಹೊಳೆಯ ಕೆಳಭಾಗದ ಅವನ ಬೇಟೆಯ ಜಾಗದ ನಟ್ಟನಡುವೆ ಎಣ್ಣೆ ಬಾವಿಗೆ ಹೋಗುವ ರಸ್ತೆ ಬಂದು ಮೃಗಗಳೆಲ್ಲ ಓಡಿಹೋಗಿದ್ದವು. ಮೂರು ವರ್ಷದಿಂದ ಅವನು ಬಂದಾಗಲೆಲ್ಲ ನನ್ನ ಗೋಡೆಗಳನ್ನು ತಟ್ಟಿ ತಟ್ಟಿ ನೋಡುತ್ತಿದ್ದ.

"ಒಂಟಿ ಹೆಂಗಸು ಎಷ್ಟು ದಿನ ಅಂತ ಇಲ್ಲಿರ್ತೀಯ ಅತ್ತಿಗೆ?" ಎನ್ನುತ್ತಿದ್ದ.

"ಸಾಯೋವರೆಗೂ. ಆಮೇಲೆ ನಿನ್ನ ಕೇಳ್ತೀನಿ," ಎನ್ನುತ್ತಿದ್ದೆ.

ಅಕ್ಟೋಬರಿನಲ್ಲಿ ಮಾವ ಬಂದ. ಚಳಿಗಾಲದ ನಿದ್ದೆಗೆ ಮುಂಚೆ ಹೊಟ್ಟೆ ತುಂಬಿಸಿಕೊಳ್ಳಬೇಕಲ್ಲ, ಆ ವರ್ಷ ಕಾಡಿನಲ್ಲಿ ಹಣ್ಣು ಬಿಟ್ಟಿರಲಿಲ್ಲ. ಕಂಬಗಳ ಮೇಲೆ ಕಟ್ಟಿದ ನನ್ನ ಉಗ್ರಾಣದ ಬಾಗಿಲು ಕಿತ್ತು ಮೊದಲ ದಿನ ಒಣಮೀನು ತಿಂದ. ಎರಡನೇ ದಿನ ಹೊಗೆ ಹಾಕಿದ ಮೀನು ತಿಂದ. ನಾನು ಬಾಣಲಿ ಬಡಿದೆ, ಕೂಗಿದೆ, ಮಾವ ದಯವಿಟ್ಟು ಎಂದು ಕೈ ಮುಗಿದೆ. ಐದನೇ ದಿನ ಬೆಳಿಗ್ಗೆ ಎದ್ದು ನೋಡಿದರೆ ಮಹಾರಾಯ ನನ್ನ ಕೊನೇ ಮೂಟೆಯನ್ನು ತಬ್ಬಿಕೊಂಡು ಉಗ್ರಾಣದ ಹೊಸ್ತಿಲ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ. ನನ್ನನ್ನು ನೋಡಿದ. ನೋಡಿ, ಅಗಿಯುವುದನ್ನು ಮುಂದುವರಿಸಿದ. ನನಗೆ ಮೈಯೆಲ್ಲ ಉರಿದುಹೋಯಿತು. ಸವೇಲಿಯ ಕೋವಿ ತಂದು ಕಿವಿಯ ಹಿಂದೆ ಒಂದೇ ಗುಂಡು ಹೊಡೆದೆ.

ಅವನು ಕೆಳಗೆ ಬಿದ್ದ ಮೇಲೆ ಏನು ಮಾಡಿದೆನೆಂದು ನನಗೆ ಹೊಳೆಯಿತು. ನಮ್ಮಲ್ಲಿ ಹೆಂಗಸು ಅವನ ಮೇಲೆ ಕೋವಿ ಎತ್ತುವುದಿಲ್ಲ. ಮುಖವೇ ತೋರಿಸಬಾರದ ಹಿರಿಯನಿಗೆ ಗುಂಡು ತೋರಿಸಿದ್ದೆ. ಶಾಲು ಮುಖಕ್ಕೆ ಎಳೆದುಕೊಂಡು, ತಪ್ಪಾಯಿತು ಎಂದು ಹೇಳಿ, ಮೋಟಾರು ದೋಣಿ ಹತ್ತಿ ಮೂರು ಗಂಟೆ ದೂರದ ಟೆರೆಂಟಿಯ ಮನೆಗೆ ಹೋದೆ. ಬೇರೆ ಯಾರ ಬಳಿ ಹೋಗಲಿ? ಅವನು ನನ್ನ ಜೊತೆ ಬಂದು ನೋಡಿದ, ಶವದ ಸುತ್ತ ಎರಡು ಸುತ್ತು ಹಾಕಿದ.

"ಯಾರು ಹೊಡೆದದ್ದು ಅತ್ತಿಗೆ?"

"ನಾನೇ ಕಣೋ. ಕೈ ತಪ್ಪಿ."

"ಕೈ ತಪ್ಪಿ ಸರಿಯಾಗಿ ಕಿವಿ ಹಿಂದೆ ಬಿತ್ತಾ?"

"ನಿಮ್ಮಣ್ಣ ಹೇಳಿಕೊಟ್ಟಿದ್ದ."

ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. "ನೋಡು, ಹೆಂಗಸು ಹೊಡೆದಳು ಅಂತ ಗೊತ್ತಾದ್ರೆ ಜನ ಆಡ್ಕೋತಾರೆ. ಪ್ರೊಕೋಪಿ ಅಜ್ಜ ನಿನ್ನ ಮನೆಗೆ ಕಾಲಿಡಲ್ಲ. ನಾನು ಹೊಡೆದೆ ಅಂತ ಹೇಳ್ಬಿಡ್ತೀನಿ. ನನಗೇನು ಹೋಗೋದು?"

ಎಷ್ಟು ಒಳ್ಳೆಯವನು ನನ್ನ ಮೈದುನ ಎಂದು ನಾನು ಅತ್ತೇಬಿಟ್ಟೆ. ಮಾವ ಬಿಟ್ಟಿದ್ದ ಅರ್ಧ ಮೂಟೆ ಮೀನನ್ನೂ ಅವನಿಗೇ ಕೊಟ್ಟೆ. ನನ್ನ ಬುದ್ಧಿಗೆ ಬೆಂಕಿ ಹಾಕ. ಅವನು ನಮ್ಮ ಕ್ರಮದಂತೆ ಮಾವನ ಎದೆಯ ಮೇಲೆ ಐದು ಕಡ್ಡಿ ಇಟ್ಟು, ಒಂದೊಂದೇ ಗುಂಡಿ ಬಿಚ್ಚುವಂತೆ ತೆಗೆದು, ಅವನ ಕೋಟು ಬಿಚ್ಚಿದ. ಚರ್ಮ ಸುಲಿಯುವುದು ಎಂದು ನಾವು ಹೇಳುವುದಿಲ್ಲ. ಮಾಂಸ ಹಿಮದಲ್ಲಿ ಹೆಪ್ಪುಗಟ್ಟಿತು, ಅದೂ ತಲೆಯೂ ಕೋಟೂ ಟೆರೆಂಟಿಯ ಮನೆಗೆ ಹೋದವು.

ಎರಡು ವಾರ ಕಳೆದು ಉಪ್ಪು ಸಕ್ಕರೆಗೆಂದು ಊರಿನ ಅಂಗಡಿಗೆ ಹೋದೆ. ಅಂಗಡಿಯ ಹೆಂಗಸು ನನ್ನ ಕೈ ಹಿಡಿದುಕೊಂಡು, "ಅಯ್ಯೋ ಉಸ್ತಿನ್ಯಾ, ಆ ಟೆರೆಂಟಿ ಆ ಹೊತ್ತಿಗೆ ಬರದೆ ಇದ್ದಿದ್ರೆ ನಿನ್ನ ಗತಿ?" ಎಂದಳು. ಏನು ಕಥೆ ಎಂದು ಕೇಳಿದೆ. ನಾನು ಒಲೆಯ ಹಿಂದೆ ಅವಿತು ಕಿರುಚುತ್ತಿದ್ದೆನಂತೆ. ಮುದುಕಪ್ಪ ಬಾಗಿಲು ಒಡೆಯುತ್ತಿದ್ದನಂತೆ. ಟೆರೆಂಟಿ ದೋಣಿಯಲ್ಲಿ ನಿಂತೇ ಹೊಡೆದನಂತೆ. ಕಥೆಯ ಕೊನೆಯಲ್ಲಿ ಪ್ರತಿ ಸಲವೂ ಒಂದು ನಿಟ್ಟುಸಿರು ಬಿಟ್ಟು, ಇನ್ನು ಅತ್ತಿಗೆಯನ್ನು ಆ ಕಾಡಿನಲ್ಲಿ ಒಬ್ಬಳೇ ಬಿಡೋದು ಪಾಪ ಎನ್ನುತ್ತಿದ್ದನಂತೆ.

ಆ ವಾರವೇ ಪ್ರೊಕೋಪಿ ಅಜ್ಜನಿಂದ ಕರೆಯೂ ಬಂತು. ನಮ್ಮ ಹೊಳೆಯ ಹಿರಿಯ ಅವನು, ಎಂಬತ್ತಮೂರು ವರ್ಷ, ಒಂದು ಕಣ್ಣು ಮಂಜು. ಯಾವ ಜಾಗ ಯಾರದು ಎನ್ನುವುದು ಅವನ ಬಾಯಲ್ಲೇ ತೀರ್ಮಾನವಾಗಬೇಕು. ಡಿಸೆಂಬರಿನಲ್ಲಿ ಟೆರೆಂಟಿಯ ಮನೆಯಲ್ಲಿ ಮುದುಕಪ್ಪನ ಹಬ್ಬ, ಐದನೇ ದಿನ ಮಾಂಸದೂಟ, ಊಟವಾದ ಮೇಲೆ ಸವೇಲಿಯ ಜಾಗದ ಮಾತು. ನನಗೆ ಊರಿನಲ್ಲಿ ನನ್ನ ತಂಗಿಯ ಮನೆಯ ಪಕ್ಕ ಮೂರನೇ ಮಹಡಿಯಲ್ಲಿ ಒಂದು ಕೋಣೆ ನೋಡಿದ್ದಾರಂತೆ, ನಲ್ಲಿಯಲ್ಲಿ ಬಿಸಿನೀರು ಬರುತ್ತದಂತೆ. ಬಿಸಿನೀರು ಬರುತ್ತದೆಂದು ಮೂರನೇ ಮಹಡಿಯಲ್ಲಿ ಕೂತು ಸಾಯಬೇಕೇ? ಬಾಯಿಬಿಟ್ಟು ನಿಜ ಹೇಳೋಣವೆಂದರೆ ನಾನೇ ಒಪ್ಪಿದ ಸುಳ್ಳು ಅದು. ಹೆಂಗಸು ಹೊಡೆದಳೆಂಬ ಮಾತಿಗೆ ನನಗೇ ಹೆದರಿಕೆಯಿತ್ತು.

ಹಬ್ಬಕ್ಕೆ ಹೋದೆ. ಹೋಗದಿದ್ದರೆ ಅಡುಗೆ ಮಾಡುವವರು ಯಾರು? ಮಾವ ಮನೆಯ ಮುಖ್ಯ ಜಾಗದಲ್ಲಿ ಮುಂಗಾಲುಗಳ ಮೇಲೆ ಗಲ್ಲವಿಟ್ಟು ಮಲಗಿದ್ದ, ಬರೀ ತಲೆ, ಕಾಲು, ಕೋಟು. ಕಣ್ಣ ಮೇಲೆ ನಾಣ್ಯ ಇಟ್ಟಿದ್ದರು, ಮುಂದೆ ಚಹಾ, ಬಿಸ್ಕತ್ತು, ಒಂದು ಬಟ್ಟಲು ಕಾಡುಹಣ್ಣು. ಐದು ದಿನ ಅವನು ಅತಿಥಿ, ಮಿಕ್ಕವರೆಲ್ಲ ಅವನನ್ನು ನಗಿಸಲು ಇರುವವರು. ಹಾಡು, ಕುಣಿತ, ಆಮೇಲೆ ಮುಖವಾಡದ ಆಟ. ಮರದ ತೊಗಟೆಯ ಉದ್ದ ಮೂಗು ಕಟ್ಟಿಕೊಂಡು, ಕೀರಲು ದನಿಯಲ್ಲಿ, ಯಾರು ಯಾರನ್ನು ಬೇಕಾದರೂ ಆಡಿಕೊಳ್ಳಬಹುದು. ಮೂಗಿನ ಹಿಂದೆ ಯಾರಿದ್ದಾರೆ ಎಂದು ಕೇಳಬಾರದು, ಸಿಟ್ಟಂತೂ ಆಗಲೇಬಾರದು.

ನಾಲ್ಕನೇ ದಿನ ಮಧ್ಯಾಹ್ನ ಇಬ್ಬರು ಉದ್ದ ಮೂಗಿನವರು ನನ್ನನ್ನೇ ಆಡಿದರು. ಒಬ್ಬ ಶಾಲು ಹೊದ್ದು ಬೆಂಚಿನ ಕೆಳಗೆ ನುಸುಳಿ, "ಅಯ್ಯೋ ಮೈದುನಾ, ಕಾಪಾಡೋ, ನನ್ನ ಚಡ್ಡಿ ಒದ್ದೆಯಾಯ್ತೋ!" ಎಂದು ಅರಚಿದ. ಇನ್ನೊಬ್ಬ ಎದೆಯುಬ್ಬಿಸಿ ಸೌದೆಕಟ್ಟಿಗೆಯ ಕೋವಿಯಿಂದ ಢಂ ಎನಿಸಿದ. ಮನೆಯೇ ಬಿದ್ದುಹೋಗುವ ಹಾಗೆ ನಕ್ಕರು. ನಾನು ಸಿಟ್ಟಾಗಲಿಲ್ಲ. ಕೈಯಲ್ಲಿದ್ದ ಮರದ ಸೌಟು ಮಾತ್ರ ಎರಡು ತುಂಡಾಯಿತು.

ಪಕ್ಕದಲ್ಲಿ ಕೂತಿದ್ದ ಟೆರೆಂಟಿಯ ಹೆಂಡತಿ ಲುಕೇರ್ಯಾ ತುಂಡು ಎತ್ತಿಕೊಟ್ಟಳು. "ಅಕ್ಕಾ, ಒಂದು ಮಾತು ಹೇಳ್ಲಾ? ನನ್ನ ಗಂಡ ಈ ಕಥೆ ನೂರು ಸಲ ಹೇಳಿದ್ದಾನೆ. ಒಂದೊಂದು ಸಲ ಒಂದೊಂದು ಕೋವಿ. ಮೊನ್ನೆ ಹೇಳಿದ್ದು ಆ ಹೊತ್ತಿಗೆ ರಿಪೇರಿಗೆ ಕೊಟ್ಟಿದ್ದ ಕೋವಿ."

"ಸುಮ್ನಿರೆ, ನೀರು ಕಾಯಿಸು," ಎಂದೆ.

ಐದನೇ ದಿನ ಬೆಳಿಗ್ಗೆ ಹಂಡೆಗಳು ಏರಿದವು. ಎರಡು ಹಂಡೆ. ಮುಂಭಾಗವೂ ಗುಂಡಿಗೆಯೂ ಗಂಡಸರದು, ಅದನ್ನು ಅವರೇ ಹೊರಗೆ ಹಿಮದಲ್ಲಿ ಬೆಂಕಿ ಹಾಕಿ ಬೇಯಿಸುತ್ತಾರೆ, ಅದಕ್ಕೆ ನಾವು ಕೈ ಹಾಕುವ ಹಾಗಿಲ್ಲ. ಹಿಂಭಾಗ ನಮ್ಮದು, ಒಳಗಿನ ಒಲೆಯ ಮೇಲೆ. ಎಲುಬನ್ನು ಕೊಡಲಿಯಿಂದ ಕಡಿಯಬಾರದು, ಸಂದು ನೋಡಿ ಬಿಡಿಸಬೇಕು. ಎಲ್ಲಕ್ಕಿಂತ ಮುಖ್ಯ, ನಾಲ್ಕು ಗಂಟೆ ಕುದಿಯಲೇಬೇಕು. ಮಾಂಸದಲ್ಲಿ ಕಣ್ಣಿಗೆ ಕಾಣದ ಹುಳು ಇರುತ್ತದೆ. ಎರಡೇ ಗಂಟೆ ಸಾಕು ಎಂದ ವೀರನೊಬ್ಬ ಒಂದು ಇಡೀ ಚಳಿಗಾಲ ಆಸ್ಪತ್ರೆಯಲ್ಲಿ ಕಣ್ಣು ಊದಿಸಿಕೊಂಡು ಮಲಗಿದ್ದ.

ನೀರು ಕುದಿಯುತ್ತಲೇ ವಾಸನೆ ಎದ್ದಿತು. ಮೀನು! ಕಾಡುಹಣ್ಣು ತಿಂದವನ ಮಾಂಸಕ್ಕೆ ಒಂದು ಸಿಹಿ ಇರುತ್ತದೆ, ಕೊಬ್ಬು ಬೆಣ್ಣೆ ಬೆಣ್ಣೆಯಾಗಿರುತ್ತದೆ. ಇವನು ಕೊನೇ ವಾರ ತಿಂದದ್ದು ನನ್ನ ಉಗ್ರಾಣ. ಹಂಡೆಯಿಂದ ನನ್ನದೇ ಹೊಗೆಮೀನು ನನ್ನ ಮೂಗಿಗೆ ಬಂತು. ನಾನು ಮೊದಲ ನೀರು ಚೆಲ್ಲಿದೆ, ಎರಡನೇ ನೀರೂ ಚೆಲ್ಲಿದೆ, ಹತ್ತು ಈರುಳ್ಳಿ, ಒಂದು ಹಿಡಿ ಪಲಾವ್ ಎಲೆ, ಮೆಣಸು ಹಾಕಿ, ಮೇಲೆ ತೇಲಿದ ಕೊಬ್ಬನ್ನು ಸೌಟಿನಿಂದ ತೆಗೆಯುತ್ತಲೇ ಕೂತೆ. ಕಿಟಕಿಯಿಂದ ಹೊರಗೆ ನೋಡಿದರೆ ಗಂಡಸರು ಒಂದು ಹಿಡಿ ಉಪ್ಪು ಎಸೆದು ಸಿಗರೇಟು ಸೇದುತ್ತಾ ನಿಂತಿದ್ದರು.

"ನೀರು ಬದಲಾಯಿಸ್ರೋ!" ಎಂದು ಕೂಗಿದೆ.

"ಗಂಡಸರ ಹಂಡೆ ಅತ್ತಿಗೆ, ನೀನು ನಿನ್ನ ಒಲೆ ನೋಡ್ಕೋ," ಎಂದ ಟೆರೆಂಟಿ. ಆಮೇಲೆ ಪಕ್ಕದವನಿಗೆ, ನನಗೂ ಕೇಳುವ ಹಾಗೆ, "ಬೇಸಿಗೆಗೆ ಆ ಮನೆಯ ಒಲೆ ಕಿತ್ತು ಕಬ್ಬಿಣದ್ದು ಹಾಕಿಸ್ತೀನಿ. ಅಣ್ಣನಿಗೆ ಒಲೆ ಕಟ್ಟೋಕೆ ಬರ್ತಿರಲಿಲ್ಲ," ಎಂದ.

ಆ ಒಲೆಗೆ ಮಣ್ಣು ಕಲಸಿದ್ದು ನಾನು. ಇಬ್ಬರೂ ಮೂವತ್ತೊಂದು ವರ್ಷದ ಹಿಂದೆ ಮೊಣಕೈವರೆಗೆ ಕೆಸರಾಗಿ ಕಟ್ಟಿದ ಒಲೆ. ಕಣ್ಣಲ್ಲಿ ನೀರು ಬಂತು, ಲುಕೇರ್ಯಾ ಈರುಳ್ಳಿ ಎಂದುಕೊಂಡಳು.

ಮಧ್ಯಾಹ್ನ ಊಟಕ್ಕೆ ಎಲ್ಲರೂ ಒಳಗೆ ಸೇರಿದರು. ಐವತ್ತು ಜನ ಇದ್ದೆವು. ತಿನ್ನುವ ಮುಂಚೆ ಒಬ್ಬೊಬ್ಬರೇ ಹೋಗಿ ಮಾವನಿಗೆ ಬಾಗಬೇಕು. ಗಂಡಸರು ಮೂತಿಗೆ ಮುತ್ತು ಕೊಡಬೇಕು, ಹೆಂಗಸರು ಶಾಲಿನ ಮೇಲಿಂದ. ಕೊಟ್ಟು, ನಿನ್ನನ್ನು ಕೊಂದದ್ದು ನಾನಲ್ಲ, ರಷ್ಯನ್ನರು ಮಾಡಿದ ಕೋವಿ, ನಿನ್ನನ್ನು ತಿನ್ನುವವನೂ ನಾನಲ್ಲ, ಕಾಗೆ ಎಂದು ಹೇಳಬೇಕು. ಹೇಳಿ, ಕಾ ಕಾ ಎಂದು ಎರಡು ಸಲ ಕೂಗಬೇಕು. ಅವನು ಸತ್ತಿದ್ದರೂ ಕೇಳಿಸಿಕೊಳ್ಳುತ್ತಾನೆ. ಆಮೇಲೆ ಕಾಡಿಗೆ ಮರಳಿ ಹೋಗಿ ತನ್ನವರಿಗೆ ಏನು ಹೇಳುತ್ತಾನೋ ಯಾರು ಬಲ್ಲರು?

ಮೊದಲು ಪ್ರೊಕೋಪಿ ಅಜ್ಜ ಹೋದ. "ನಾನಲ್ಲಪ್ಪಾ ಮುದುಕಪ್ಪ, ನನ್ನ ಕೈಯಲ್ಲಿ ಏನಾಗುತ್ತೆ, ನೀನೇ ನೋಡ್ತಿದ್ದೀಯಲ್ಲ," ಎಂದ. ಎರಡನೆಯವನು ಟೆರೆಂಟಿ. ಹೊಡೆದವನೆಂಬ ಮರ್ಯಾದೆಗೆ ಅವನಿಗೆ ಹೊಸ ಅಂಗಿ, ಬೆಳ್ಳಿ ಗುಂಡಿಯ ಪಟ್ಟಿ. ಮೂತಿಗೆ ಸದ್ದಾಗುವ ಹಾಗೆ ಮುತ್ತಿಟ್ಟು, ಎದೆ ತುಂಬಿ, "ನಾನಲ್ಲ!" ಎಂದ. ಎಲ್ಲರೂ ಒಬ್ಬರನ್ನೊಬ್ಬರು ನೋಡಿ ಮೆಚ್ಚಿ ತಲೆಯಾಡಿಸಿದರು. ಎಷ್ಟು ಚೆನ್ನಾಗಿ ಹೇಳಿದ ನೋಡು ಎಂಬ ಹಾಗೆ.

ಆಗ ನನಗೆ ಹೊಳೆಯಿತು. ಈ ಮನೆಯಲ್ಲಿ ಎಲ್ಲರೂ ನಾನಲ್ಲ ಎನ್ನುತ್ತಾರೆ, ಎಲ್ಲರೂ ನಿಜವನ್ನೇ ಹೇಳುತ್ತಾರೆ. ಟೆರೆಂಟಿಯಂಥ ಟೆರೆಂಟಿಯೂ ನಿಜ ಹೇಳಿ ಬಂದ. ಮಾವನ ಮೂಗಿನೆದುರು ಸುಳ್ಳು ಹೇಳಬೇಕಾದವಳು ಐವತ್ತು ಜನರಲ್ಲಿ ನಾನೊಬ್ಬಳೇ.

ಹೊಡೆದವನು ಸುಳ್ಳು ಹೇಳುವುದು ನಮ್ಮಲ್ಲಿ ಹೊಸದೇನಲ್ಲ, ಅದಕ್ಕೇ ಆ ಮಾತು ಇರುವುದು. ಸವೇಲಿ ಏಳು ಸಲ ಹೇಳಿದ್ದ, ನಗುತ್ತಾ ಹೇಳಿದ್ದ. ಆದರೆ ಆಗ ಕೇಳುವವರಿಗೂ ಗೊತ್ತಿತ್ತು, ಮುದುಕಪ್ಪನಿಗೂ ಗೊತ್ತಿತ್ತು, ಅದೊಂದು ಮರ್ಯಾದೆ. ನಾನು ಹೇಳಿದರೆ ಎಲ್ಲರೂ ನಂಬುತ್ತಾರೆ. ನನ್ನ ಸರದಿ ಬಂತು. ಶಾಲು ಎಳೆದುಕೊಂಡು ಮಂಡಿಯೂರಿದೆ. ಮೂತಿಯಿಂದ ಈಗಲೂ ನನ್ನ ಮೀನಿನ ವಾಸನೆ ಬರುತ್ತಿತ್ತು. ಶಾಲನ್ನು ಇನ್ನಷ್ಟು ಕೆಳಗೆ ಎಳೆದುಕೊಂಡೆ.

"ಉಸ್ತಿನ್ಯಾ, ಗಂಟಲು ಕಟ್ಟಿತಾ?" ಎಂದ ಪ್ರೊಕೋಪಿ ಅಜ್ಜ. "ಬೇಗ ಹೇಳು, ಹಸಿವು."

"ಮಾವ," ಎಂದೆ. "ನಾನೇ ಹೊಡೆದದ್ದು. ರಷ್ಯನ್ನರ ಕೋವಿ ಹೌದು, ಬೆರಳು ನನ್ನದು. ಐದು ದಿನ ಕೈ ಮುಗಿದೆ, ನೀನು ಕೇಳಲಿಲ್ಲ. ಚಳಿಗಾಲಕ್ಕೆ ಅಂತ ಇಟ್ಟದ್ದನ್ನೆಲ್ಲ ತಿಂದೆ. ತಪ್ಪಾಯ್ತು ಅಂತ ಆವತ್ತೇ ಹೇಳಿದ್ದೀನಿ. ನಾನು ನಿನ್ನ ಪಕ್ಕದಲ್ಲೇ ಬದುಕೋಳು, ನಿನ್ನ ಹತ್ತಿರ ಸುಳ್ಳು ಹೇಳಲ್ಲ."

ಐವತ್ತು ಜನವೂ ಒಟ್ಟಿಗೆ ಬಾಯಿಮಾಡಿದರು. ಟೆರೆಂಟಿಯ ದನಿ ಎಲ್ಲರಿಗಿಂತ ಮೇಲಿತ್ತು.

"ತಲೆ ಕೆಟ್ಟಿದೆ ಅತ್ತಿಗೆಗೆ! ಒಬ್ಬಳೇ ಇದ್ದೂ ಇದ್ದೂ ಹೀಗಾಗಿದೆ. ಇದಕ್ಕೇ ನಾನು ಹೇಳೋದು!"

ಪ್ರೊಕೋಪಿ ಅಜ್ಜ ಕೋಲಿನಿಂದ ನೆಲ ಕುಟ್ಟಿದ. "ಟೆರೆಂಟಿ, ನೀನು ಈಗ ತಾನೇ ಅವನ ಮೂತಿಗೆ ಮುತ್ತಿಟ್ಟು ನಾನಲ್ಲ ಅಂದೆಯಲ್ಲ?"

"ಅದು ಎಲ್ಲರೂ ಹೇಳೋ ಮಾತಲ್ವಾ ಅಜ್ಜ!"

"ಹೌದಪ್ಪ. ಅದಕ್ಕೇ ಕೇಳ್ತಿದ್ದೀನಿ. ಎಲ್ಲರೂ ಹೇಳ್ತಾರೆ ಅಂತ ಹೇಳಿದೆಯೋ, ಇದ್ದದ್ದನ್ನೇ ಹೇಳಿದೆಯೋ?"

ಟೆರೆಂಟಿ ಬೆಳ್ಳಿ ಗುಂಡಿಯ ಪಟ್ಟಿಯನ್ನು ಸರಿಮಾಡಿಕೊಂಡ. ಹಿಂದಿನಿಂದ ಯಾರೋ ಕಿಸಕ್ಕೆಂದರು. ನನ್ನ ಓರಗಿತ್ತಿಯೇ ಇರಬೇಕು.

ಇಂಥದ್ದಕ್ಕೆ ನಮ್ಮಲ್ಲಿ ಒಂದು ಕ್ರಮವಿದೆ. ಮಾವನ ತಲೆಯನ್ನೇ ಎತ್ತಿ ಕೇಳುವುದು. ಹೌದಾದರೆ ತಲೆ ಭಾರವಾಗುತ್ತದೆ, ಇಲ್ಲವಾದರೆ ಹಗುರವಾಗಿ ಏಳುತ್ತದೆ. ಅಜ್ಜ ತೆವಳಿಕೊಂಡು ಬಂದು ದವಡೆಯ ಕೆಳಗೆ ಎರಡೂ ಕೈ ಕೊಟ್ಟು, "ಮುದುಕಪ್ಪ, ನಿನ್ನ ಹೊಡೆದದ್ದು ಉಸ್ತಿನ್ಯಾಳಾ?" ಎಂದು ಕೇಳಿ ಎತ್ತಿದ. ಅಜ್ಜನ ಕತ್ತಿನ ನರ ಉಬ್ಬಿತು. ತಲೆ ಅಲುಗಲಿಲ್ಲ.

"ಏಳ್ತಾ ಇಲ್ಲ."

"ಅಜ್ಜ, ನಿಮ್ಮ ಕೈಲಿ ಚಹಾ ಲೋಟವೂ ಏಳಲ್ಲ!" ಎಂದ ಟೆರೆಂಟಿ. ಎಲ್ಲರೂ ನಕ್ಕರು, ಅಜ್ಜನೂ ನಕ್ಕ.

"ಅದೂ ಸರಿಯೇ. ಹಾಗಾದ್ರೆ ನೀನೇ ಎತ್ತು. ಗಟ್ಟಿ ಆಳು. ಬಾ."

ಟೆರೆಂಟಿ ಒಂದು ದೋಣಿಯನ್ನು ಹೆಗಲ ಮೇಲೆ ಹೊರುವವನು. ಅವನು ಎತ್ತಿಬಿಟ್ಟರೆ ಮುಗಿಯಿತು, ನಾನು ಸುಳ್ಳಿ, ಹುಚ್ಚಿ, ಮೂರನೇ ಮಹಡಿ. ಅವನು ಅಂಗಿಯ ತೋಳು ಮಡಚಿಕೊಂಡು ಮಂಡಿಯೂರಿದ. ದವಡೆಯ ಕೆಳಗೆ ಕೈ ಕೊಟ್ಟ. ಅಜ್ಜ ಪ್ರಶ್ನೆಯನ್ನು ಮತ್ತೊಮ್ಮೆ ನಿಧಾನವಾಗಿ ಕೇಳಿದ. ಟೆರೆಂಟಿಯ ಮುಖ ಮಾವನ ಮುಖದಿಂದ ಒಂದು ಗೇಣು ದೂರದಲ್ಲಿತ್ತು. ಅವನು ಹಾಗೇ ಇದ್ದ. ಬಹಳ ಹೊತ್ತು ಇದ್ದ. ಹಣೆಯಿಂದ ಬೆವರಿಳಿದು ಮೂಗಿನ ತುದಿಯಲ್ಲಿ ನಿಂತಿತು.

"ಎತ್ತ್ರೀ ಮತ್ತೆ! ಹಂಡೆ ಆರ್ತಾ ಇದೆ," ಎಂದಳು ಲುಕೇರ್ಯಾ.

"ಭಾರ ಇದೆ," ಎಂದ ಟೆರೆಂಟಿ. ಎದ್ದು, ಯಾರನ್ನೂ ನೋಡದೆ, ಬಾಗಿಲ ಬಳಿ ಹೋಗಿ ಕೂತ.

ಪ್ರೊಕೋಪಿ ಅಜ್ಜ ನನ್ನ ಕಡೆ ಮಂಜುಗಣ್ಣು ತಿರುಗಿಸಿದ. "ಹೆಂಗಸು ಮಾಡೋ ಕೆಲಸ ಅಲ್ಲ ಇದು. ತಪ್ಪೇ. ಆ ತಪ್ಪನ್ನ ಅವನ ಮುಖಕ್ಕೇ ಹೇಳಿದ್ದೀಯ, ಇನ್ನು ಅದು ನಿಮ್ಮಿಬ್ಬರ ವಿಷಯ. ನಾವು ಮಧ್ಯೆ ಬರಲ್ಲ. ಜಾಗದ ಮಾತಿಗೆ ಊಟ ಮುಗಿಯೋವರೆಗೂ ಯಾಕೆ ಕಾಯ್ಬೇಕು? ಅವನ ಪಕ್ಕದಲ್ಲೇ ಬದುಕ್ತೀನಿ ಅಂತ ಅವನಿಗೇ ಹೇಳಿ ಆಯ್ತಲ್ಲ. ಬದುಕು. ಈಗ ಬಡಿಸ್ರೇ, ಸತ್ತೆ ನಾನು."

ಕೂತಲ್ಲೇ ನಾನು ಶಾಲಿನೊಳಗೆ ಅತ್ತೆ. ಈ ಸಲ ಈರುಳ್ಳಿ ಎಂದು ಯಾರೂ ಅಂದುಕೊಳ್ಳಲಿಲ್ಲ.

ಆಮೇಲೆ ಒಂದು ದೊಡ್ಡ ಚರ್ಚೆ ಎದ್ದಿತು. ಗಂಡಸರ ಹಂಡೆಯ ಗುಂಡಿಗೆಯು ಹೊಡೆದವರಿಗೆ ಸೇರಬೇಕು, ಹೆಂಗಸು ಅದನ್ನು ಮುಟ್ಟುವ ಹಾಗಿಲ್ಲ, ಹಾಗಾದರೆ ಹೊಡೆದ ಹೆಂಗಸಿಗೆ ಯಾವ ಹಂಡೆ? ಮೂರು ಜನ ಮುದುಕರು ಮೂರು ರೀತಿ ವಾದಿಸಿದರು. ಅವರು ವಾದಿಸುತ್ತಿರುವಾಗಲೇ ಗಂಡಸರು ಕಾ ಕಾ ಎಂದು ಕೂಗಿ ತಮ್ಮ ಹಂಡೆಯ ಮೊದಲ ತುತ್ತನ್ನು ಕಡ್ಡಿಯಲ್ಲಿ ಚುಚ್ಚಿ ಬಾಯಿಗಿಟ್ಟರು. ಇಟ್ಟವರ ಮುಖ ನೋಡಬೇಕಿತ್ತು. ಒಬ್ಬ ನುಂಗಿದ, ಒಬ್ಬ ಕೆಮ್ಮಿದ. ಪ್ರೊಕೋಪಿ ಅಜ್ಜ ಅಗಿದು ಅಗಿದು, "ಇದೇನು, ಕೊಳೆತ ಮೀನಿನ ದೋಣಿ ತಿಂದ ಹಾಗಿದೆಯಲ್ಲ!" ಎಂದ.

"ನೀರು ಬದಲಾಯಿಸ್ರೋ ಅಂದೆ," ಎಂದೆ ನಾನು.

ಐದು ನಿಮಿಷದಲ್ಲಿ ನಮ್ಮ ಹಂಡೆಯ ಸುತ್ತ ಬಟ್ಟಲು ಹಿಡಿದ ಗಂಡಸರು ನಿಂತಿದ್ದರು. ಕ್ರಮದ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಮಾಂಸ ಎಲುಬಿನಿಂದ ತಾನೇ ಕಳಚಿ ಬರುತ್ತಿತ್ತು, ಕೊಬ್ಬು ನಾಲಿಗೆಯ ಮೇಲೆ ಕರಗುತ್ತಿತ್ತು, ಎಲ್ಲೋ ಅಡಿಯಲ್ಲಿ ಒಂದಿಷ್ಟು ಹೊಗೆಮೀನು. ನಾನೂ ಕಾಗೆಯ ಹಾಗೆ ಕೂಗಿ ತಿಂದೆ. ನನ್ನ ಮೀನನ್ನೇ ಮಾವನ ಮೂಲಕ ವಾಪಸು ತಿನ್ನುತ್ತಿದ್ದೆ, ಕೂಗಿದರೆ ನಷ್ಟವೇನು?

ಟೆರೆಂಟಿ ಮಾತ್ರ ಬಾಗಿಲ ಬಳಿಯೇ ಇದ್ದ, ಬಟ್ಟಲು ಖಾಲಿ. ನೋಡಿ ಅಯ್ಯೋ ಎನಿಸಿತು, ಹಾಗೆನಿಸಿದ್ದಕ್ಕೆ ನನ್ನ ಮೇಲೇ ಸಿಟ್ಟೂ ಬಂತು. ಹೋಗಿ ಪಕ್ಕದಲ್ಲಿ ಕೂತೆ.

"ಒಂದು ಮಾತು ಕೇಳ್ತೀನಿ," ಎಂದೆ. "ಅದು ಮೂವತ್ತು ಕಿಲೋದ ತಲೆ ಕಣೋ, ನೀನು ದೋಣಿ ಹೊರೋ ಆಳು. ನಿಜವಾಗ್ಲೂ ಭಾರ ಇತ್ತಾ?"

ಅವನು ಅಂಗೈಗಳನ್ನು ಮಂಡಿಗೆ ಒರೆಸಿಕೊಂಡ.

"ಗೊತ್ತಿಲ್ಲ ಅತ್ತಿಗೆ. ನಾನು ಎತ್ತಲೇ ಇಲ್ಲ. ಹೆದರಿಕೆ ಆಯ್ತು."

"ಯಾತಕ್ಕೆ?"

"ತಲೆ ಎದ್ದುಬಿಟ್ಟಿದ್ರೆ?" ಎಂದ. "ಮುದುಕಪ್ಪನೂ ನನಗೋಸ್ಕರ ಸುಳ್ಳು ಹೇಳಿದ ಹಾಗಾಗ್ತಿತ್ತು. ಆಮೇಲೆ ಆ ಕಾಡಲ್ಲಿ ನಾನು ಯಾರನ್ನ ನಂಬ್ಲಿ?"

ಅವನ ಬಟ್ಟಲು ತೆಗೆದುಕೊಂಡು ಹೋಗಿ ನಮ್ಮ ಹಂಡೆಯಿಂದ ತೊಡೆಯ ದೊಡ್ಡ ತುಂಡು ಹಾಕಿ ತಂದುಕೊಟ್ಟೆ. ಅವನು ಬಹಳ ಸಣ್ಣ ದನಿಯಲ್ಲಿ ಕಾ ಎಂದು ಕೂಗಿ ತಿನ್ನತೊಡಗಿದ.